ಫೋನಕ್ಕನ ಎಂಟನೇ ಪ್ರಶ್ನೆ

ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಎಲ್ಲಕ್ಕಿಂತ ಚಿಕ್ಕ ಕೋಣೆ ಫೋನಕ್ಕನದು. ಮೊದಲು ಅಲ್ಲಿ ವಾರ್ಡಿನ ಹೊದಿಕೆ, ದಿಂಬಿನ ಚೀಲ ಇಡುತ್ತಿದ್ದರು. ಕಪಾಟು ಕಿತ್ತರೂ ಗೋಡೆಯಲ್ಲಿ ಮೊಳೆಯ ತೂತುಗಳು ಸಾಲಾಗಿ ಉಳಿದಿದ್ದವು. ಥಂಡಿ ದಿನಗಳಲ್ಲಿ ಒಗೆದ ಬಟ್ಟೆಯ ವಾಸನೆ ಈಗಲೂ ಏಳುತ್ತಿತ್ತು. ಒಂದು ಮೇಜು, ಒಂದು ಟೆಲಿಫೋನು, ಕಿವಿಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನು, ಗೋಡೆಗೆ ಆನಿಸಿದ ಕಬ್ಬಿಣದ ಕಪಾಟಿನಲ್ಲಿ ಇನ್ನೂರ ನಾಲ್ಕು ಕಡತ, ಒಂದೇ ಒಂದು ಕುರ್ಚಿ. ಎರಡನೆಯ ಕುರ್ಚಿಗೆ ಜಾಗವಿಲ್ಲದ್ದರಿಂದ ಅವಳನ್ನು ಕಾಣಲು ಬಂದವರು ಬಾಗಿಲಿಗೆ ಒರಗಿ ನಿಂತೇ ಮಾತಾಡಬೇಕು. ನಿಂತವರು ಬೇಗ ಹೋಗುತ್ತಾರೆ ಎಂಬುದು ಎಲ್ಲ ಕಚೇರಿಗಳ ಅನುಭವ. ಫೋನಕ್ಕನ ಬಾಗಿಲಲ್ಲಿ ನಿಂತವರು ಮಾತ್ರ ಕಾಲು ಬದಲಿಸುತ್ತ ಅರ್ಧ ಗಂಟೆ ನಿಲ್ಲುತ್ತಿದ್ದರು.

ಆ ಹೆಸರು ರೋಗಿಗಳು ಇಟ್ಟದ್ದು. "ಫೋನ್ ಮಾಡೋ ಅಕ್ಕ" ಅನ್ನುವುದು ಬಾಯಿಂದ ಬಾಯಿಗೆ ಸವೆದು "ಫೋನಕ್ಕ" ಆಗಿತ್ತು. ಅವಳಿಗೆ ಐವತ್ತೆಂಟು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಇದೇ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು ಮೂವತ್ತು ವರ್ಷ ಬೇರೆಯವರ ಮಾತಿಗೆ ಸೇತುವೆಯಾಗಿದ್ದಳು. ಅಷ್ಟೂ ವರ್ಷ ಅವಳ ಪಾಲಿಗೆ ಬಂದದ್ದು "ಒಂದ್ನಿಮಿಷ, ಕೊಡ್ತೀನಿ" ಎಂಬ ಎರಡು ಪದ. ಆಮೇಲೆ ತಾನೇ ತಾನಾಗಿ ಕರೆ ತಿರುಗಿಸುವ ಯಂತ್ರ ಬಂತು. ಬೋರ್ಡನ್ನು ಗುಜರಿಗೆ ಹಾಕಿದರು. ಅವಳನ್ನು ಗುಜರಿಗೆ ಹಾಕಲು ನಿಯಮವಿಲ್ಲದ್ದರಿಂದ ಸಂಶೋಧನಾ ವಿಭಾಗಕ್ಕೆ ಹಾಕಿದರು. ಅಲ್ಲಿಗೆ ಬರುವಾಗ ಅವಳ ಹೊಟ್ಟೆಯಲ್ಲಿ ಮೂವತ್ತು ವರ್ಷದಿಂದ ಆಡದೆ ಉಳಿದ ಮಾತುಗಳಿದ್ದವು ಎಂಬುದನ್ನು ಯಾರೂ ಗಮನಿಸಲಿಲ್ಲ. ಅಂಥದ್ದನ್ನೆಲ್ಲ ತಪಾಸಣೆ ಮಾಡುವ ಪದ್ಧತಿ ಇನ್ನೂ ಬಂದಿಲ್ಲ.

ಅಧ್ಯಯನ ಹಿರಿಯ ಡಾಕ್ಟರದು. ದೊಡ್ಡ ಕರುಳಿನ ಕ್ಯಾನ್ಸರ್ ಆಗಿ, ಆಪರೇಷನ್ನು, ಕೀಮೋ ಎಲ್ಲ ಮುಗಿಸಿ ಮನೆಗೆ ಹೋದವರನ್ನು ಚೆನ್ನಾಗಿ ನಡೆಸಿದರೆ ಕಾಯಿಲೆ ಮರಳಿ ಬರುವುದು ಕಡಿಮೆಯಾಗುತ್ತದೆಯೇ? ಕೇಳಲು ಸುಲಭ. ಉತ್ತರಕ್ಕೆ ಆರು ವರ್ಷ ಮತ್ತು ನಾನೂರ ಎಂಟು ಜನ ಬೇಕಾದರು. ಅವರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಸೀಟಿ ಹಿಡಿದ ತರಬೇತುದಾರನೊಬ್ಬ ವಾರಕ್ಕೆ ಮೂರು ದಿನ ನಡಿಗೆ ಕಲಿಸುತ್ತಿದ್ದ. ಇನ್ನೊಂದು ಪಾಲಿನ ಇನ್ನೂರ ನಾಲ್ಕು ಜನರಿಗೆ ಏನೂ ಕಲಿಸುವ ಹಾಗಿಲ್ಲ. ಎಲ್ಲರಂತೆ ಮನೆಯಲ್ಲಿ ತಮ್ಮ ಪಾಡಿಗೆ ಇರಬೇಕು. ತಿಂಗಳಿಗೊಮ್ಮೆ ಫೋನು, ಏಳು ಪ್ರಶ್ನೆ, ಅಷ್ಟೆ. ನಡೆದವರನ್ನು ನಡೆಯದವರ ಪಕ್ಕ ಇಟ್ಟು ನೋಡಿದರೆ ತಾನೆ ನಡಿಗೆಯಿಂದ ಏನಾಯಿತೆಂದು ಗೊತ್ತಾಗುವುದು? ಈ ಎರಡನೆಯವರಿಗೆ ಸಂಶೋಧನೆಯ ಭಾಷೆಯಲ್ಲಿ ನಿಯಂತ್ರಣ ಗುಂಪು ಎಂದು ಹೆಸರು. ಆ ಗುಂಪು ಯಾರ ನಿಯಂತ್ರಣದಲ್ಲಿತ್ತು ಎಂಬುದು ಆರು ವರ್ಷದ ನಂತರ ಗೊತ್ತಾಯಿತು.

ಪ್ರಶ್ನೆಗಳ ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ಹಸಿವು, ನಿದ್ದೆ, ನೋವು, ಹೊಟ್ಟೆ ಹೋಗುವುದು, ತೂಕ, ಮಾತ್ರೆ, ಬೇರೆ ಆಸ್ಪತ್ರೆಗೆ ಹೋಗಿದ್ದುಂಟೇ. ಕೆಳಗೆ ದಪ್ಪಕ್ಷರದಲ್ಲಿ: "ಆಹಾರ, ವ್ಯಾಯಾಮ, ಔಷಧಿಯ ಬಗ್ಗೆ ಯಾವ ಸಲಹೆಯನ್ನೂ ಕೊಡತಕ್ಕದ್ದಲ್ಲ." ಮೊದಲ ಎರಡು ತಿಂಗಳು ಫೋನಕ್ಕ ಅದನ್ನು ರೈಲು ಬರುವ ಹೊತ್ತು ಹೇಳುವವಳ ಧ್ವನಿಯಲ್ಲಿ ಓದಿದಳು. ಒಬ್ಬೊಬ್ಬರಿಗೆ ಮೂರು ನಿಮಿಷ ಸಾಕಾಗುತ್ತಿತ್ತು. ಮೂರನೆಯ ತಿಂಗಳು ಹದಿನೇಳನೆಯ ಕಡತದ ಸರದಿ ಬಂತು.

ಹದಿನೇಳನೆಯವನು ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ನಲವತ್ತು ವರ್ಷ ಲಿಫ್ಟು ನಡೆಸಿದವನು. ಜೀವಮಾನದ ಏರಿಳಿತವನ್ನೆಲ್ಲ ಒಂದು ಸ್ಟೂಲಿನ ಮೇಲೆ ಕೂತೇ ಕಂಡವನು. ಫೋನಕ್ಕನಿಗೆ ಅವನು ಲಿಫ್ಟ್ ಮಾವ.

"ಹೊಟ್ಟೆ ಸರಿಯಾಗಿ ಹೋಗ್ತಿದೆಯಾ?" ಎಂದು ಅವಳು ನಾಲ್ಕನೇ ಪ್ರಶ್ನೆ ಓದಿದಳು.

"ಹೊಟ್ಟೆ ಒಂದೇ ತಾಯಿ ಹೋಗೋದು. ನಾನಂತೂ ಎಲ್ಲೂ ಹೋಗಲ್ಲ."

"ಯಾಕೆ ಮಾವ?"

"ಎಲ್ಲಿಗೆ ಹೋಗ್ಲಿ? ಮಗಳು ಕೂತ್ಕೋ ಅಂತಾಳೆ, ಅಳಿಯ ಮಲ್ಕೋ ಅಂತಾನೆ. ನೀನು ಏಳು ಪ್ರಶ್ನೆ ಕೇಳ್ತೀಯ, ನಾನು ಏಳೋದೇ ಇಲ್ಲ."

ಫೋನಕ್ಕ ಗಾಜಿನ ಕೆಳಗಿನ ದಪ್ಪಕ್ಷರ ನೋಡಿದಳು. ನಡೆಯಿರಿ ಎಂದರೆ ಸಲಹೆಯಾಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಬೋರ್ಡಿನ ಮುಂದೆ ಒಂದೇ ಒಂದು ನಿಯಮ ಮುರಿದವಳಲ್ಲ. ಆದರೆ ಮಾತಿಗೆ ಮಾತು ಕೊಡಬೇಕಲ್ಲ.

"ನಿಮ್ಮ ಬೀದಿಯ ಕೊನೇಲಿ ಅಂಗಡಿ ಏನಾದ್ರೂ ಇದೆಯಾ?"

"ಇದೆ. ಬೀಗ ರಿಪೇರಿಯವನದು."

"ಅದರ ಶಟರ್‌ಗೆ ಯಾವ ಬಣ್ಣ?"

"ಹನ್ನೆರಡು ವರ್ಷದಿಂದ ಈ ಬೀದೀಲಿದೀನಿ, ಗೊತ್ತಿಲ್ವಲ್ಲ!"

"ನೋಡಿರಿ ಹಾಗಾದ್ರೆ. ಬರೋ ತಿಂಗಳು ಹೇಳುವಿರಂತೆ."

ಎಂಟನೇ ಪ್ರಶ್ನೆ ಹುಟ್ಟಿದ್ದು ಹೀಗೆ. ಇದಕ್ಕೆ ಒಳಗಿನ ಕಾರಣ ಬೇಕೆನ್ನುವವರಿಗೆ ಒಂದು ಸಿಗುತ್ತದೆ. ಅವಳಪ್ಪ ಹೃದಯದ ಕಾಯಿಲೆಯಲ್ಲಿ ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದು ಸತ್ತವನು. ಮನೆಯವರೆಲ್ಲ ಪ್ರೀತಿಯಿಂದ "ಅಲ್ಲಾಡಬೇಡ" ಎಂದಿದ್ದರು. ಫೋನಕ್ಕನನ್ನೇ ಕೇಳಿದರೆ ಇದಕ್ಕೂ ಅದಕ್ಕೂ ಎಲ್ಲಿಯ ಸಂಬಂಧ ಎನ್ನುತ್ತಿದ್ದಳು.

ಮುಂದಿನ ತಿಂಗಳು ಲಿಫ್ಟ್ ಮಾವ ಹಸಿವು-ನಿದ್ದೆಗೆ ಅವಕಾಶವನ್ನೇ ಕೊಡದೆ "ನೀಲಿ! ಆದ್ರೆ ಕೆಳಗಿನ ಮೊಳದಷ್ಟು ಮಾತ್ರ ಹಸಿರು" ಎಂದ. ಹಸಿರೇಕೆಂದು ಅಂಗಡಿಯವನನ್ನು ಕೇಳಿದನಂತೆ, ನೀಲಿ ಮುಗಿದುಹೋಯ್ತು ಎಂದನಂತೆ. ಫೋನಕ್ಕನಿಗೆ ತುಂಬ ಖುಷಿಯಾಯಿತು. ಆ ವಾರ ಕೈಗೆ ಸಿಕ್ಕ ಕಡತದವರಿಗೆಲ್ಲ ಒಂದೊಂದು ಕೆಲಸ ಕೊಟ್ಟಳು. ಲೈಬ್ರರಿಗೆ ಎಷ್ಟು ಮೆಟ್ಟಿಲು? ಅಂಚೆ ಡಬ್ಬಿಯ ಮೇಲೆ ಬರೆದ ಹೊತ್ತೆಷ್ಟು? ಸೇತುವೆಯ ಆಚೆ ಬಟ್ಟೆ ಅಂಗಡಿಯ ಗೊಂಬೆಗೆ ಈಗ ಏನು ತೊಡಿಸಿದ್ದಾರೆ? ಹೆಂಗಸರ ಬಟ್ಟೆ ಹೊಲಿಯುತ್ತಿದ್ದ ಐವತ್ತರ ದರ್ಜಿಯಮ್ಮ ಒಬ್ಬಳಿದ್ದಳು. ಅವಳು ಗೊಂಬೆ ನೋಡಲು ಹೋಗಿ ಬಂದು ಹೇಳಿದ್ದು ಹೀಗೆ:

"ತೋಳು ಎಳೀತಿದೆ ಅಕ್ಕ. ಗೊಂಬೆ ಆದ್ದರಿಂದ ಸುಮ್ಮನಿದೆ. ಜೀವ ಇದ್ದಿದ್ರೆ ಒಂದು ಕೊಡ್ತಿತ್ತು. ಒಳಗೆ ಹೋಗಿ ಹೇಳಿ ಬಂದೆ."

"ಏನಂದ್ರು?"

"ಆಚೆ ಕಳಿಸಿದ್ರು. ಪರವಾಗಿಲ್ಲ, ಮುಂದಿನ ವಾರ ಮತ್ತೆ ಹೋಗ್ತೀನಿ. ಕಾಲರ್ ಬಗ್ಗೆ ಇನ್ನೂ ಹೇಳೇ ಇಲ್ಲ."

ಬೀದಿಯ ಕೊನೆ ಮುಗಿದ ಮೇಲೆ ಎರಡನೇ ಬೀದಿ, ಅದು ಮುಗಿದ ಮೇಲೆ ನೀರಿನ ಟ್ಯಾಂಕು, ಬಸ್ ಡಿಪೋ. ದೂರ ಹೆಚ್ಚುತ್ತ ಹೋಯಿತು; ಹೇಳಬೇಕಾದ ಸುದ್ದಿಯೂ ಹೆಚ್ಚಿತು. ಮೂರು ನಿಮಿಷದ ಕರೆ ಹನ್ನೊಂದಕ್ಕೆ ಬಂದು ನಿಂತಿತು. ನಡೆಯಿರಿ ಎಂದು ಫೋನಕ್ಕ ಒಬ್ಬರಿಗೂ, ಒಂದು ದಿನವೂ ಹೇಳಲಿಲ್ಲ. ಯಾರಾದರೂ "ನಡೆದರೆ ಒಳ್ಳೇದಾ?" ಎಂದು ಕೇಳಿದರೆ "ಅದೆಲ್ಲ ನಾನು ಹೇಳೋ ಹಾಗಿಲ್ಲಪ್ಪ" ಎಂದು ಕಟ್ಟುನಿಟ್ಟಾಗಿ ಹೇಳಿ, "ಅದಿರಲಿ, ಡಿಪೋದಲ್ಲಿ ಎಷ್ಟು ಬಸ್ಸು ನಿಂತಿದ್ವು?" ಎಂದು ಮುಂದುವರಿಯುತ್ತಿದ್ದಳು.

ಹಿರಿಯ ಡಾಕ್ಟರು ಅವಳನ್ನು ಬಾಯಿ ತುಂಬ ಹೊಗಳುತ್ತಿದ್ದರು. ಇಂಥ ಅಧ್ಯಯನಗಳಲ್ಲಿ ಏನೂ ಸಿಗದ ಪಾಲಿನವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಫೋನು ಎತ್ತುವುದಿಲ್ಲ, ತಪಾಸಣೆಗೆ ಬರುವುದಿಲ್ಲ. ಫೋನಕ್ಕನ ಪಾಲಿನಲ್ಲಿ ಸತ್ತ ಇಪ್ಪತ್ತೊಂಬತ್ತು ಜನರನ್ನು ಬಿಟ್ಟರೆ ಕೈ ತಪ್ಪಿದವರು ಒಬ್ಬರೂ ಇರಲಿಲ್ಲ. ಸತ್ತವರ ಕಡತದ ಮೇಲೆ ಅವಳು ತಾರೀಕು ಬರೆದು ಕೆಂಪು ದಾರ ಕಟ್ಟಿ ಕೆಳಗಿನ ಸಾಲಿಗೆ ಇಡುತ್ತಿದ್ದಳು. ಅವರ ಮನೆಯವರಲ್ಲಿ ಕೆಲವರು ಆಮೇಲೂ ಒಂದೆರಡು ತಿಂಗಳು ತಾವಾಗಿಯೇ ಫೋನು ಮಾಡಿ ಡಿಪೋದಲ್ಲಿ ಬಸ್ಸು ಎಷ್ಟಿತ್ತು, ಲೈಬ್ರರಿಗೆ ಮೆಟ್ಟಿಲು ಎಷ್ಟಿತ್ತು ಎಂದು ಹೇಳುತ್ತಿದ್ದುದುಂಟು.

ಆರು ವರ್ಷ ಮುಗಿಯಿತು. ಅಲ್ಲಿಯವರೆಗೆ ಯಾವ ಪಾಲಿನವರಿಗೆ ಏನಾಯಿತೆಂದು ಒಟ್ಟಿಗೆ ಇಟ್ಟು ನೋಡುವ ಹಾಗಿರಲಿಲ್ಲ. ಇದು ಸಂಶೋಧಕರು ತಮ್ಮ ಆಸೆಗೆ ತಾವೇ ಹಾಕಿಕೊಳ್ಳುವ ಬೀಗ. ಬೀಗ ತೆಗೆದವಳು ಅಂಕಿಅಂಶದ ವಿಭಾಗದ ಹುಡುಗಿ. ಮೂವತ್ತು ದಾಟಿರಲಿಲ್ಲ; ಎಲ್ಲರೂ ಲೆಕ್ಕದ ಮೇಡಂ ಎನ್ನುತ್ತಿದ್ದರು. ಒಂದು ಸೋಮವಾರ ಬೆಳಗ್ಗೆ ಅವಳು ಚಹಾ ಲೋಟ ಹಿಡಿದು ಫೋನಕ್ಕನ ಬಾಗಿಲಿಗೆ ಬಂದು ಒರಗಿದಳು.

"ಅಕ್ಕ, ಏನೂ ಬಂದಿಲ್ಲ."

"ಏನು ಬರಬೇಕಾಗಿತ್ತು?"

"ವ್ಯತ್ಯಾಸ. ಸೀಟಿ ಪಾಲಿನಲ್ಲಿ ಕಾಯಿಲೆ ಮರಳಿದವರೂ ಅಷ್ಟೇ, ನಿಮ್ಮ ಪಾಲಿನಲ್ಲೂ ಅಷ್ಟೇ. ಗ್ರಾಫ್ ಹಾಕಿದ್ರೆ ಎರಡು ಗೆರೆ ಅಂಟಿಕೊಂಡು ಹೋಗ್ತಿವೆ, ಹೊಸದಾಗಿ ಮದುವೆ ಆದವರ ಹಾಗೆ."

"ಅಯ್ಯೋ. ಡಾಕ್ಟರು?"

"ಮುಖ ಸಪ್ಪಗಿದೆ. ಶುಕ್ರವಾರ ವರದಿ ಹೋಗುತ್ತೆ. ತರಬೇತುದಾರನಿಟ್ಟು ನಡೆಸೋದರಿಂದ ಪ್ರಯೋಜನ ಕಾಣಲಿಲ್ಲ ಅಂತ. ಇದನ್ನೇ ಕಾಯ್ತಾ ಮೂರು ಆಸ್ಪತ್ರೆ ಇವೆ. ಒಂದರಲ್ಲಂತೂ ನಡಿಗೆ ಕಲಿಸೋಕೆ ಹಾಲ್ ಖಾಲಿ ಮಾಡಿಸಿ ಇಟ್ಟಿದ್ರು. ಇನ್ನು ಯಾರೂ ಮಾಡಲ್ಲ." ಅವಳು ಚಹಾ ಊದಿದಳು. "ಒಂದೇ ವಿಚಿತ್ರ. ಆರು ತಿಂಗಳಿಗೊಮ್ಮೆ ಎಲ್ಲರನ್ನೂ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಎಷ್ಟು ದೂರ ಹೋದ್ರು ಅಂತ ಅಳೀತಾರಲ್ಲ? ನಿಮ್ಮವರೂ ವರ್ಷದಿಂದ ವರ್ಷಕ್ಕೆ ಜಾಸ್ತಿ ನಡೆದಿದ್ದಾರೆ. ಏನೂ ಹೇಳಿಕೊಡದವರು ಹಾಗೆ ನಡೀತಾರೆ ಅಂದ್ರೆ ಏನಕ್ಕ ಅರ್ಥ?"

ಫೋನಕ್ಕ ಗಾಜಿನ ಕೆಳಗಿನ ದಪ್ಪಕ್ಷರವನ್ನು ಇನ್ನೊಮ್ಮೆ ಓದಿದಳು. ಕೊನೆಗೆ "ಅಳೆಯೋ ಟೇಪು ಸರಿ ಇದೆಯಾ ನೋಡಿದ್ರಾ?" ಎಂದಳು.

"ಎರಡು ಸಲ ನೋಡಿದೆ" ಎಂದು ಹುಡುಗಿ ಲೋಟ ತೊಳೆಯಲು ಹೋದಳು.

ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ಫೋನಕ್ಕ ನಿಂತುಕೊಂಡೇ ಮನೆಗೆ ಹೋದಳು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಬೇರೆಯವರ ದೃಷ್ಟಿ ಸರಿಮಾಡುವುದರಲ್ಲಿ ಕಣ್ಣು ಸವೆಸಿಕೊಂಡು, ಮನೆಯಲ್ಲಿ ತನ್ನ ಕನ್ನಡಕ ತಾನೇ ಹುಡುಕಲಾರದವನು. ಊಟಕ್ಕೆ ಕೂತಾಗ ಅವಳು ಎಲ್ಲವನ್ನೂ ಹೇಳಿದಳು.

"ನಡೀರಿ ಅಂತ ಅಂದ್ಯಾ?" ಎಂದ ಅವನು.

"ಒಂದು ಸಲಾನೂ ಇಲ್ಲ."

"ಮತ್ತೆ ಏನಂದೆ?"

"ನೋಡ್ಕೊಂಡು ಬನ್ನಿ ಅಂದೆ ಅಷ್ಟೆ."

"ನೋಡೋಕೆ ಕಣ್ಣೊಂದೇ ಹೋಗಿ ಬರುತ್ತೇನೇ? ಜೊತೇಲಿ ಕಾಲೂ ಹೋಗಲ್ವಾ?"

"ನನಗೇನು ಅದು ಗೊತ್ತಾಗಲ್ವಾ? ಈಗ ಗೊತ್ತಾಗ್ತಿದೆ ರೀ. ಆಗ ಬರೀ ಹರಟೆ ಅಂದ್ಕೊಂಡಿದ್ದೆ."

ಅವನು ತಟ್ಟೆಯನ್ನು ಸ್ವಲ್ಪ ದೂರ ತಳ್ಳಿದ. "ನಿವೃತ್ತಿಗೆ ಇನ್ನೆರಡು ವರ್ಷ. ಆರು ವರ್ಷದ ಕೆಲಸ ಇವಳು ಕೆಡಿಸಿದಳು ಅಂತ ಅನ್ನಿಸ್ಕೊಂಡು ಆಚೆ ಬರ್ತೀಯಾ? ಬಾಯಿ ಮುಚ್ಕೊಂಡು ಇರೋದು ಕಲಿ."

"ಅದು ಗೊತ್ತಿದ್ದಿದ್ರೆ ಈ ಗತಿ ಯಾಕ್ರೀ ಬರ್ತಿತ್ತು?"

ಇಬ್ಬರಿಗೂ ನಗು ಬಂತು, ಒಬ್ಬರೂ ನಗಲಿಲ್ಲ. ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಅವನು "ಹೇಳದಿದ್ರೆ ಏನಾಗುತ್ತೆ?" ಎಂದು ಕೇಳಿದ. ಗಾಜಿನ ನಂಬರು ಕೇಳುವವನ ಹಾಗೆ ಕೇಳಿದ, ಸಿಟ್ಟೂ ಇಲ್ಲದೆ, ಭಯವೂ ಇಲ್ಲದೆ.

"ನಡೆಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂತ ಬರೀತಾರೆ. ಓದಿದವರು ನಂಬ್ತಾರೆ. ಮುಂದೆ ಬರೋ ಪೇಷಂಟುಗಳನ್ನ ಯಾರೂ ಎಬ್ಬಿಸಲ್ಲ."

"ಹೇಳಿದ್ರೆ?"

"ನನ್ನನ್ನ ಎಬ್ಬಿಸ್ತಾರೆ. ಕುರ್ಚಿಯಿಂದ."

ವರದಿ ಹೋಗುವವರೆಗೆ ತಿಂಗಳ ಕರೆ ನಿಲ್ಲಿಸುವ ಹಾಗಿರಲಿಲ್ಲ. ಮಂಗಳವಾರ, ಬುಧವಾರ ಅವಳು ಹಾಳೆಯಲ್ಲಿದ್ದುದನ್ನು ಇದ್ದ ಹಾಗೆ ಓದಿದಳು. ಏಳು ಪ್ರಶ್ನೆ, ಧನ್ಯವಾದ, ನಮಸ್ಕಾರ. ದರ್ಜಿಯಮ್ಮ "ಅಕ್ಕ, ಗಂಟಲು ಕೆಟ್ಟಿದೆಯಾ? ಯಾರೋ ಬೇರೆಯವರು ಮಾತಾಡಿದ ಹಾಗಿದೆ" ಎಂದಳು. ಮೂರು ನಿಮಿಷ ನಲವತ್ತು ಸೆಕೆಂಡು. ಎರಡು ದಿನದ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿದು, ಉಳಿದ ಹೊತ್ತಿನಲ್ಲಿ ಫೋನಕ್ಕ ಗೋಡೆಯ ಮೊಳೆ ತೂತುಗಳನ್ನು ಎಣಿಸಿದಳು. ಐವತ್ತೆರಡು ಇದ್ದವು.

ಗುರುವಾರ ಹತ್ತೂವರೆಗೆ ಹಿರಿಯ ಡಾಕ್ಟರ ಕೋಣೆಗೆ ಹೋದಳು. ಅವರು ವರದಿಯ ಕೊನೆಯ ಪುಟ ತಿದ್ದುತ್ತಿದ್ದರು. ಲೆಕ್ಕದ ಮೇಡಂ ಎದುರಿಗೆ ಕಂಪ್ಯೂಟರ್ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಡಾಕ್ಟರು ಅರವತ್ತು ದಾಟಿದವರು, ಮಿತಭಾಷಿ. ರೋಗಿಗಳಿಗೆ ಕೆಟ್ಟ ಸುದ್ದಿಯನ್ನು ಹೇಳಿ ಹೇಳಿ ಒಳ್ಳೆಯ ಸುದ್ದಿಯನ್ನೂ ಅದೇ ಧ್ವನಿಯಲ್ಲಿ ಹೇಳುವ ಅಭ್ಯಾಸ ಆಗಿಬಿಟ್ಟಿತ್ತು.

"ಕೂತ್ಕೊಳಿ ಅಮ್ಮ."

"ನಿಂತೇ ಹೇಳ್ತೀನಿ ಸರ್." ಹೇಳಿದಳು. ಶಟರ್ ಬಣ್ಣದಿಂದ ಶುರುಮಾಡಿ ಬಸ್ ಡಿಪೋವರೆಗೆ ಹೇಳಿದಳು. ಹನ್ನೊಂದು ನಿಮಿಷವೂ ಹಿಡಿಯಲಿಲ್ಲ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಎಷ್ಟು ಜನಕ್ಕೆ?"

"ಎಲ್ಲರಿಗೂ ಸರ್. ಇಬ್ಬರನ್ನ ಬಿಟ್ಟು."

"ಆ ಇಬ್ಬರು ಯಾಕೆ ಬಿಟ್ಟುಹೋದರು?"

"ಒಬ್ಬರಿಗೆ ಕಿವಿ ಕೇಳಲ್ಲ, ಹೆಂಡತಿ ಮಾತಾಡ್ತಾರೆ, ಆಕೆಗೆ ನನ್ನ ಕಂಡ್ರೆ ಆಗಲ್ಲ. ಇನ್ನೊಬ್ಬರು ರಿಟೈರ್ಡ್ ಪೋಸ್ಟ್‌ಮನ್ನು. ಅವರಿಗೆ ಎಲ್ಲ ಮೊದಲೇ ಗೊತ್ತಿತ್ತು."

ಲೆಕ್ಕದ ಮೇಡಂ ನಗು ತಡೆಯಲು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಅವಳ ಮುಖದಲ್ಲಿ ಬೇರೆಯದೇ ಒಂದು ಕಳೆ ಬಂತು. "ಸರ್, ಅಂದ್ರೆ ಅವರೂ ನಡೆದವರೇ. ಎರಡೂ ಪಾಲು ನಡೆದಿದೆ. ಗೆರೆ ಅಂಟಿಕೊಂಡದ್ದು ಅದಕ್ಕೇ."

"ಹಾಗಾದ್ರೆ ಒಳ್ಳೇದೇ ಆಯ್ತಲ್ವಾ ಸರ್?" ಎಂದಳು ಫೋನಕ್ಕ, ಇಲ್ಲಿಯವರೆಗೆ ಇಲ್ಲದ ಆಸೆಯಿಂದ. "ನಡಿಗೆ ಇಬ್ಬರಿಗೂ ಸಹಾಯ ಮಾಡಿದೆ ಅಂತ ಬರೀಬಹುದಲ್ಲ?"

"ಒಳ್ಳೇದಾಯ್ತೋ ಇಲ್ವೋ ತಿಳ್ಕೊಳ್ಳೋಕೇ ಅಮ್ಮ ನಾವು ಆರು ವರ್ಷ ಕೂತದ್ದು. ನಡೆಯದೆ ಇದ್ದಿದ್ರೆ ಏನಾಗ್ತಿತ್ತು ಅನ್ನೋದು ಗೊತ್ತಾಗಬೇಕು. ಅದಕ್ಕೆ ಕೂತವರು ಬೇಕು."

"ಕೂತವರ ಪಾಲೇ ಎದ್ದು ಹೋಗಿದೆ" ಎಂದಳು ಲೆಕ್ಕದ ಮೇಡಂ. ತಮಾಷೆ ಮಾಡಬೇಕೆಂದು ಹೇಳಿದ್ದಲ್ಲ.

"ಸತ್ತ ಇಪ್ಪತ್ತೊಂಬತ್ತು ಜನ ಇದ್ದಾರಲ್ಲ," ಎಂದರು ಡಾಕ್ಟರು, "ಅವರಿಗೂ ಕೆಲಸ ಕೊಟ್ಟಿದ್ರಾ?"

"ಕೊಟ್ಟಿದ್ದೆ ಸರ್. ಇಬ್ಬರು ಮೂವರು ಕೊನೇ ತಿಂಗಳವರೆಗೂ ಹೋಗಿ ಬಂದು ಹೇಳ್ತಿದ್ರು."

ಡಾಕ್ಟರು ಕಿಟಕಿಯ ಕಡೆ ನೋಡಿದರು. ಹೊರಗೆ ಆಂಬುಲೆನ್ಸ್ ತೊಳೆಯುತ್ತಿದ್ದರು. ಬಯ್ಯುತ್ತಾರೆ ಎಂದು ಫೋನಕ್ಕ ಕಾಯುತ್ತಿದ್ದಳು. ಬೈದರೆ ಅತ್ತು ಹಗುರಾಗಬಹುದೆಂದು ಕರವಸ್ತ್ರ ಕೈಯಲ್ಲೇ ಹಿಡಿದಿದ್ದಳು. ಅವರು ಬೈಯಲಿಲ್ಲ. "ಒಬ್ಬರೂ ಬಿಟ್ಟುಹೋಗಿಲ್ಲ ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೆ" ಎಂದರು. "ಯಾಕೆ ಬಿಟ್ಟುಹೋಗಿಲ್ಲ ಅಂತ ಒಂದು ದಿನ ನಿಮ್ಮ ಕೋಣೆಗೆ ಬಂದು ಕೇಳಲಿಲ್ಲ." ಆಮೇಲೆ ವರದಿಯ ಪುಟಗಳನ್ನು ಜೋಡಿಸಿ ಡ್ರಾಯರಿಗೆ ಹಾಕಿದರು. ಡ್ರಾಯರು ಅರ್ಧಕ್ಕೆ ಸಿಕ್ಕಿಕೊಂಡಿತು. ಎರಡನೇ ಸಲ ದೂಡಿದಾಗ ಮುಚ್ಚಿತು.

ಶುಕ್ರವಾರ ವರದಿ ಹೋಗಲಿಲ್ಲ.

ಮುಂದಿನ ಮೂರು ವಾರ ಲೆಕ್ಕದ ಮೇಡಂ ಎಲ್ಲಿಂದಲೋ ಸ್ಟೂಲೊಂದನ್ನು ತಂದು, ಬಾಗಿಲು ಮುಚ್ಚಲಾಗದಂತೆ ಹೊಸ್ತಿಲ ಮೇಲೇ ಹಾಕಿಕೊಂಡು ಕೂತಳು. ಯಾರಿಗೆ, ಯಾವ ತಿಂಗಳು, ಏನು ನೋಡಿಕೊಂಡು ಬರಲು ಹೇಳಿದ್ದು, ಅದು ಮನೆಯಿಂದ ಎಷ್ಟು ದೂರ. ಆರು ವರ್ಷದ್ದು. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಹಾಳೆಯಲ್ಲಿ ಎಂಟನೇ ಪ್ರಶ್ನೆಗೆ ಜಾಗವೇ ಇರಲಿಲ್ಲ. ಎಲ್ಲ ಫೋನಕ್ಕನ ತಲೆಯಲ್ಲಿತ್ತು. ಬೋರ್ಡಿನ ಕಾಲದಲ್ಲಿ ನಾನೂರು ನಂಬರು ಬಾಯಿಪಾಠ ಇದ್ದವಳಿಗೆ ಇದು ಕಷ್ಟವಾಗಲಿಲ್ಲ. "ಅರವತ್ತಮೂರನೆಯವರು, ಎರಡನೇ ವರ್ಷ, ಪಾರ್ಕಿನ ಗಡಿಯಾರ. ನಿಂತುಹೋಗಿದೆ ಅಂದ್ರು. ಮುಂದಿನ ತಿಂಗಳು ನಡೀತಿದೆಯಾ ನೋಡಿ ಅಂದೆ. ಏಳು ತಿಂಗಳು ನೋಡಿದ್ರು, ನಡೀಲಿಲ್ಲ."

"ಗಡಿಯಾರ ನಡೀಲಿಲ್ಲ, ಅವರು ನಡೆದ್ರು" ಎನ್ನುತ್ತ ಮೇಡಂ ಟೈಪು ಮಾಡಿದಳು. ಎರಡನೇ ವಾರದ ಹೊತ್ತಿಗೆ ಅವಳಿಗೂ ಫೋನಕ್ಕನ ಗಾಳಿ ತಗುಲಿತ್ತು. "ಅಲ್ಲ ಅಕ್ಕ, ಒಂದು ಕೇಳ್ತೀನಿ. ಇಷ್ಟೆಲ್ಲ ಮಾಡಿದ್ರಿ, ಒಂದು ಸಲಾನೂ ಸಂಶಯ ಬರಲಿಲ್ವಾ?"

"ಬಂತಮ್ಮ. ಹಾಳೆ ಎತ್ಕೊಂಡು ಓದಿದೆ. ಆಹಾರ, ವ್ಯಾಯಾಮ, ಔಷಧಿ ಅಂತಿತ್ತು. ಶಟರ್ ಅಂತ ಎಲ್ಲೂ ಇರಲಿಲ್ಲ."

ಕರೆ ಮಾಡಿ ಮಾಡಿಯೇ ಅಧ್ಯಯನಕ್ಕೆ ಕರೆ ಹತ್ತಿಸಿದಳು ಎಂದು ಎರಡನೇ ಮಹಡಿಯಲ್ಲಿ ಯಾರೋ ಅಂದದ್ದು ಮೂರನೇ ಮಹಡಿಗೆ ಬರುವಷ್ಟರಲ್ಲಿ ಫೋನಕ್ಕನ ಕಿವಿಗೂ ಬಿತ್ತು. ಸೀಟಿಯ ತರಬೇತುದಾರ ಮಾತ್ರ ಅವಳನ್ನು ಕಂಡಾಗಲೆಲ್ಲ ಎದ್ದು ನಿಲ್ಲತೊಡಗಿದ. ಆರು ವರ್ಷ ವಾರಕ್ಕೆ ಮೂರು ದಿನ ಗಂಟಲು ಹರಿದುಕೊಂಡು ತಾನು ಮಾಡಿದ್ದನ್ನು ಅವಳು ಕೂತಲ್ಲಿಂದ ತಿಂಗಳಿಗೆ ಹನ್ನೊಂದು ನಿಮಿಷದಲ್ಲಿ ಮಾಡಿದ್ದಳು. ಅದು ಗೌರವವೋ ಸಿಟ್ಟೋ ಅವನಿಗೂ ತಿಳಿದಂತಿರಲಿಲ್ಲ.

ಸಂಶೋಧನೆಗಳ ಸರಿತಪ್ಪು ನೋಡುವ ಆಸ್ಪತ್ರೆಯ ಸಮಿತಿ ಸೇರಿತು. ಅದರ ತೀರ್ಮಾನ ಒಂದು ಪುಟದ್ದು. ಈ ಅಧ್ಯಯನದಿಂದ ನಡಿಗೆ ಉಪಯುಕ್ತ ಎಂದಾಗಲಿ ನಿರುಪಯುಕ್ತ ಎಂದಾಗಲಿ ಹೇಳಲು ಬರುವುದಿಲ್ಲ; ಹೀಗಾಯಿತು, ಯಾಕೆ ಆಯಿತು ಎಂಬುದನ್ನು ಮುಚ್ಚಿಡದೆ ಪ್ರಕಟಿಸಬೇಕು. ಮತ್ತೆ ಹೊಸದಾಗಿ ಮಾಡಬೇಕು. ಹೊಸದರಲ್ಲಿ ಫೋನು ಮಾಡುವವರು ಆರು ತಿಂಗಳಿಗೊಮ್ಮೆ ಬದಲಾಗಬೇಕು, ಎಲ್ಲ ಮಾತೂ ರೆಕಾರ್ಡ್ ಆಗಬೇಕು. ಸದರಿ ಉದ್ಯೋಗಿಯನ್ನು ದಾಖಲೆಗಳ ಕೋಣೆಗೆ ವರ್ಗಾಯಿಸಬೇಕು. ಅದಕ್ಕೂ ಮೊದಲು, ಬದುಕಿರುವ ನೂರ ಎಪ್ಪತ್ತೈದು ಜನಕ್ಕೂ ನಡೆದದ್ದನ್ನು ತಿಳಿಸಬೇಕು, ಅದು ಅವರ ಹಕ್ಕು. ತಿಳಿಸುವಾಗ ಸಮಿತಿ ಬರೆದುಕೊಟ್ಟ ಹಾಳೆಯನ್ನು ಮಾತ್ರ ಓದಬೇಕು. ಅವಳೇ ಓದಬೇಕು, ಯಾಕೆಂದರೆ ಬೇರೆಯವರ ಫೋನು ಅವರು ಎತ್ತುವುದಿಲ್ಲ.

ಈ ಕೊನೆಯ ಅಂಶ ಹಿರಿಯ ಡಾಕ್ಟರು ಸೇರಿಸಿದ್ದಂತೆ.

ಸೋಮವಾರ ಒಂಬತ್ತಕ್ಕೆ ಶುರುವಾಯಿತು. ಲೆಕ್ಕದ ಮೇಡಂ ಹೊಸ್ತಿಲ ಸ್ಟೂಲಿನ ಮೇಲೆ ಕೂತು ಇನ್ನೊಂದು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಬೇಕಿತ್ತು. ಒಂದನೆಯವರು ಪೂರ್ತಿ ಕೇಳಿ ಆಗಲಿ ಎಂದರು. ಮೂರನೆಯವರು ಇದರಲ್ಲಿ ತಪ್ಪೇನಿದೆ ಎಂದು ಸಮಿತಿಯ ಮೇಲೆ ಹಾರಾಡಿದರು. ಎಂಟನೆಯವರ ಹೆಂಡತಿ ನಿಜವಾಗಿಯೂ ಸಿಟ್ಟಾದಳು: "ಅಂದ್ರೆ ನಮ್ಮವರು ಕೂತೇ ಇರ್ಲಿ ಅಂತ ನಿಮಗೆ ಬೇಕಾಗಿತ್ತಾ? ಕೂತವರಿಗೆ ಏನಾಗುತ್ತೆ ಅಂತ ನೋಡೋಕೆ?" ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಫೋನಕ್ಕ "ತಮ್ಮ ಅಭಿಪ್ರಾಯವನ್ನು ದಾಖಲಿಸಿಕೊಳ್ಳಲಾಗಿದೆ" ಎಂದು ಹಾಳೆಯ ಕೊನೆಯ ಸಾಲು ಓದಿದಳು. ಓದುವಾಗ ಕಿವಿ ಕೆಂಪಾಯಿತು. ಹನ್ನೊಂದನೆಯವರು ಆಸ್ಪತ್ರೆಗೆ ಸೇರಿದ್ದರು, ಕಾಯಿಲೆ ಮರಳಿತ್ತು. ಮಗ ಫೋನು ಹಿಡಿದು, ಅಪ್ಪನ ಕಿವಿಗೆ ಇಡಲೇ ಎಂದು ಕೇಳಿದ. ಇಡಿ ಎಂದಳು. ಓದಿದಳು. ಆ ಕಡೆಯಿಂದ ಉಸಿರು ಕೇಳುತ್ತಿತ್ತು.

ಹದಿನೇಳನೆಯದು ಬಂದಾಗ ಹನ್ನೊಂದೂ ಕಾಲು. ಲಿಫ್ಟ್ ಮಾವನಿಗೆ ಈಗ ಎಪ್ಪತ್ತೊಂಬತ್ತು.

"ಈ ಅಧ್ಯಯನದ ಅವಧಿಯಲ್ಲಿ ತಮಗೆ ಮಾಡಿದ ಕರೆಗಳಲ್ಲಿ, ನಿಗದಿಪಡಿಸಿದ ಪ್ರಶ್ನೆಗಳಲ್ಲದೆ..." ಎಂದು ಅವಳು ಶುರುಮಾಡಿದಳು. ಅವನು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದ.

"ಅರ್ಥ ಆಗಲಿಲ್ಲ ತಾಯಿ. ನಿನ್ನ ಮಾತಲ್ಲಿ ಹೇಳು."

ಫೋನಕ್ಕ ಸ್ಟೂಲಿನ ಕಡೆ ನೋಡಿದಳು. ಲೆಕ್ಕದ ಮೇಡಂ ತನ್ನ ಪೆನ್ಸಿಲಿನ ತುದಿಯನ್ನು ನೋಡುತ್ತಿದ್ದಳು.

"ನೀವು ಕೂತಿರಬೇಕಾಗಿತ್ತು ಮಾವ. ನಾನು ಎಬ್ಬಿಸಿಬಿಟ್ಟೆ. ಅದರಿಂದ ಡಾಕ್ಟರಿಗೆ ಗೊತ್ತಾಗಬೇಕಾದ್ದು ಗೊತ್ತಾಗಲಿಲ್ಲ."

"ಏನು ಗೊತ್ತಾಗಬೇಕಿತ್ತು?"

"ನಡೆದ್ರೆ ಒಳ್ಳೇದಾ ಅಂತ."

"ಓಹೋ." ಮಾವ ಯೋಚಿಸಿದ. "ಒಳ್ಳೇದಾ?"

"ಅದೇ ಗೊತ್ತಿಲ್ಲ. ಹೊಸದಾಗಿ ಮಾಡ್ತಾರಂತೆ. ಇನ್ನೂ ಆರು ವರ್ಷ ಬೇಕು."

"ಆರು ವರ್ಷ!" ಮಾವ ನಕ್ಕದ್ದು ಇಬ್ಬರ ಕಿವಿಯಲ್ಲೂ ಗರಗರ ಎಂದಿತು. "ಆಗಲಿ, ಕಾಯೋಣ. ಅಲ್ಲೀತನಕ ನಾನು ಕೂತ್ಕೊಂಡು ಕಾಯ್ಲಾ, ನಡ್ಕೊಂಡು ಕಾಯ್ಲಾ? ಅದೊಂದು ಹೇಳಿಬಿಡು."

ನಡೆದರೆ ಒಳ್ಳೇದಾ ಎಂದು ಕೇಳಿದವರಿದ್ದರು; ನಾನೇನು ಮಾಡಲಿ ಎಂದು ಆರು ವರ್ಷದಲ್ಲಿ ಯಾರೂ ಅವಳನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಹೇಳುವುದು ಅವಳಿಗೆ ಕಷ್ಟವೇನೂ ಇರಲಿಲ್ಲ. ಮೂರೇ ಅಕ್ಷರದ ಮಾತು, ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದು ನಿಜವೇ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಂತೆ ಮಾಡಿದವಳೂ ಅವಳೇ.

"ಅದು ನನಗೆ ಗೊತ್ತಿಲ್ಲ ಮಾವ," ಎಂದಳು. "ಡಾಕ್ಟರಿಗೂ ಗೊತ್ತಿಲ್ಲ. ಈಗ ನೀವು ಯಾವ ಪಾಲಿಗೂ ಸೇರಿದವರಲ್ಲ. ಕಾಲು ನಿಮ್ಮದು, ನಿಮ್ಮಿಷ್ಟ."

"ಸರಿ ಹಾಗಾದ್ರೆ. ಇವತ್ತು ಹೇಗೂ ಹೊರಗೆ ಬಿಸಿಲಿದೆ" ಎಂದ ಮಾವ. ಬಿಸಿಲಿದ್ದುದರಿಂದ ಹೋಗುತ್ತಾನೋ, ಬಿಸಿಲಿದ್ದುದರಿಂದ ಹೋಗುವುದಿಲ್ಲವೋ, ಫೋನಕ್ಕ ಕೇಳಲಿಲ್ಲ. ಅವನೇ ಫೋನಿಟ್ಟ.

ಲೆಕ್ಕದ ಮೇಡಂ ತನ್ನ ಹಾಳೆಯಲ್ಲಿ ಹೊತ್ತು ಬರೆದುಕೊಂಡಳು: ನಾಲ್ಕು ನಿಮಿಷ ಹತ್ತು ಸೆಕೆಂಡು. ಪಕ್ಕದಲ್ಲಿ "ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನಾದರೂ ಮಾತಾಡಿದರೇ?" ಎಂಬ ಅಂಕಣವಿತ್ತು. ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದುಕೊಂಡಿದ್ದು, ಅಲ್ಲಿ "ಹೌದು" ಎಂದು ಬರೆದಳು. ಕೆಳಗೆ ಸಣ್ಣಕ್ಷರದಲ್ಲಿ "ಸಲಹೆ ಕೊಡಲಿಲ್ಲ" ಎಂದೂ ಸೇರಿಸಿದಳು. ಫೋನಕ್ಕ ಅದನ್ನು ತಲೆಕೆಳಗಾಗಿಯೇ ಓದಿಕೊಂಡು, ಹದಿನೆಂಟನೆಯ ಕಡತ ತೆಗೆದಳು.